ಕಳೆಗೂ ಜಾಗವಿರುವ ಹೂಗುಚ್ಛ

ಹೂಗುಚ್ಛ ಕಟ್ಟುವವರು ಮೊದಲು ಮಾಡುವ ಕೆಲಸ ಕಳೆ, ಕಸ, ಬಾಡಿದ ಎಲೆ ಕಿತ್ತೆಸೆಯುವುದು. ಬ್ರಿಟನ್ನಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ವರ್ಷಕ್ಕೊಮ್ಮೆ, ಜೂನ್ 23ರಂದು, ಕಳೆಯನ್ನು ಹುಡುಕಿ ತಂದು ಗುಚ್ಛಕ್ಕೆ ಸೇರಿಸುತ್ತಾರೆ. ಒಂದೇ ಕಟ್ಟಿನಲ್ಲಿ ಒಳ್ಳೆಯ ಸೊಪ್ಪೂ ಇರಬೇಕು, ಕೆಟ್ಟ ಸೊಪ್ಪೂ ಇರಬೇಕು. ಸೇಂಟ್ ಜಾನ್ಸ್ ವರ್ಟ್, ವರ್ವೇನ್, ಕ್ಲೋವರ್‌ಗಳು ಒಳ್ಳೆಯವರ ಸಾಲಿನವು; ಮೈಗೆ ತಾಗಿದರೆ ಉರಿಯುವ ತುರುಚೆ, ಹೊಲಕ್ಕೆ ಹೊಕ್ಕರೆ ಬಿಡದ ಡಾಕ್, ಮುಳ್ಳುಕಳೆಗಳು ಕೆಟ್ಟವರ ಸಾಲಿನವು. ಊರಿಂದೂರಿಗೆ ಪಟ್ಟಿ ತುಸು ಬದಲಾಗುತ್ತದೆ, ಹಿತ್ತಲಲ್ಲಿ ಸಿಕ್ಕಿದ್ದರ ಮೇಲೆ ಹೋಗುತ್ತದೆ. ಕಟ್ಟುವ ದಾರದ ಬಣ್ಣಗಳಿಗೆ ಮಾತ್ರ ಲೆಕ್ಕ ಉಂಟು: ಬಿಳಿ ಶಕ್ತಿಗೆ, ಹಸಿರು ವಿವೇಕಕ್ಕೆ, ನೀಲಿ ಪ್ರೀತಿಗೆ, ಕೆಂಪು ತ್ಯಾಗಕ್ಕೆ, ಹಳದಿ ಸೂರ್ಯನಿಗೆ.

ಈ ಗುಚ್ಛವನ್ನು ಹಿಡಿದು ನಿಲ್ಲುವಾಕೆಗೆ ‘ಹೂಗಳ ಒಡತಿ’ ಎಂದು ಹೆಸರು. ಗುಡ್ಡದ ತಲೆಯಲ್ಲಿ ಒಟ್ಟಿದ ಸೌದೆಗೆ ಬೆಂಕಿ ಬಿದ್ದು ಜ್ವಾಲೆ ಮೇಲೆದ್ದ ಮೇಲೆ ಆಕೆ ಮುಂದೆ ಬಂದು ಅಲ್ಲಿನ ಹಳೆಯ ಭಾಷೆಯಾದ ಕಾರ್ನಿಶ್‌ನಲ್ಲಿ ಕೆಲವು ಸಾಲು ಹೇಳುತ್ತಾಳೆ. ಒಳ್ಳೆಯದು ಸಾವಿರಪಟ್ಟಾಗಲಿ, ಕಳೆಯನ್ನು ಈ ಬೆಂಕಿ ತಿನ್ನಲಿ ಎಂಬುದು ಅದರ ಭಾವ. ಆಮೇಲೆ ಇಡೀ ಗುಚ್ಛವನ್ನೇ ಬೆಂಕಿಗೆ ಎಸೆಯುತ್ತಾಳೆ. ಒಳ್ಳೆಯ ಸೊಪ್ಪನ್ನು ಬಿಡಿಸಿ ಉಳಿಸಿಕೊಳ್ಳುವುದಿಲ್ಲ. ಎರಡೂ ಒಟ್ಟಿಗೇ ಉರಿಯಬೇಕು. ಯಾವುದು ಮರಳಿ ಚಿಗುರಬೇಕು ಎಂಬುದನ್ನು ಬೆಂಕಿಗೇ ಬಿಟ್ಟಿದ್ದಾರೆ. ಈ ಲೇಖನ ಬರೆಯಬೇಕೆನ್ನಿಸಿದ್ದೇ ಈ ಒಂದು ವಿವರದಿಂದ.

ಗುಚ್ಛದ ನಾಯಕ ಸೇಂಟ್ ಜಾನ್ಸ್ ವರ್ಟ್ ಬಗ್ಗೆ ಎರಡು ಮಾತು. ಮೊಣಕಾಲೆತ್ತರದ ಗಿಡ, ಐದೆಸಳಿನ ಹಳದಿ ಹೂವು. ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಯಿಂದ ಚುಚ್ಚಿದಂಥ ಚುಕ್ಕೆಗಳು ಕಾಣುತ್ತವೆ. ಅವು ತೂತುಗಳಲ್ಲ, ಎಣ್ಣೆ ತುಂಬಿದ ಗ್ರಂಥಿಗಳು. ಮೊಗ್ಗನ್ನು ಬೆರಳಲ್ಲಿ ಹೊಸೆದರೆ ಕೆಂಪು ರಸ ಬರುತ್ತದೆ. ಜೂನ್ 24 ಸ್ನಾನಿಕ ಯೋಹಾನನ, ಅಂದರೆ ಇಂಗ್ಲಿಷಿನ ಸೇಂಟ್ ಜಾನ್‌ನ ಹಬ್ಬ, ಹೂ ಬಿಡುವುದೂ ಆ ಹೊತ್ತಿಗೇ, ರಸವೋ ರಕ್ತದ ಬಣ್ಣದ್ದು. ತಲೆ ಕಡಿಸಿಕೊಂಡ ಸಂತನಿಗೂ ಈ ಗಿಡಕ್ಕೂ ಜನ ಗಂಟು ಹಾಕದೆ ಇರುತ್ತಾರೆಯೇ? ಇದನ್ನು ಬಾಗಿಲಿಗೆ ಸಿಕ್ಕಿಸಿದರೆ ದೆವ್ವ ಬರುವುದಿಲ್ಲ ಎಂಬ ನಂಬಿಕೆ ಯುರೋಪಿನ ಉದ್ದಗಲಕ್ಕೂ ಇತ್ತು. ಮಧ್ಯಯುಗದ ಲ್ಯಾಟಿನ್‌ನಲ್ಲಿ ಅದರ ಹೆಸರೇ ‘ದೆವ್ವ ಓಡಿಸುವುದು’. ಮನೋಖಿನ್ನತೆಗೆಂದು ಇದರ ಸಾರವನ್ನು ಇವತ್ತೂ ಮಾತ್ರೆ ಮಾಡಿ ಮಾರುತ್ತಾರೆ. ಹಳೆಯ ದೆವ್ವಕ್ಕೆ ಹೊಸ ಹೆಸರು ಎಂದುಕೊಂಡರೆ ವೈದ್ಯರು ಮುನಿಸಿಕೊಳ್ಳಲಾರರು ಎಂದುಕೊಂಡಿದ್ದೇನೆ.

ಬೆಂಕಿ ಒಂದೇ ಗುಡ್ಡದಲ್ಲಲ್ಲ, ಗುಡ್ಡಗಳ ಉದ್ದಕ್ಕೂ ಸರಪಳಿಯಾಗಿ. ಕಾರ್ನ್‌ವಾಲ್ ಅಟ್ಲಾಂಟಿಕ್ ಸಾಗರಕ್ಕೆ ಚಾಚಿದ ಕಾಲಿನಂತಿದೆ. ಆ ಕಾಲಿನ ಹೆಬ್ಬೆರಳಲ್ಲಿ, ಲ್ಯಾಂಡ್ಸ್ ಎಂಡ್‌ಗೆ ಸಮೀಪ, ಚಾಪೆಲ್ ಕಾರ್ನ್ ಬ್ರೇ ಎಂಬ ಗುಡ್ಡ. ಎತ್ತರ ಇನ್ನೂರು ಮೀಟರಿಗೂ ತುಸು ಕಡಿಮೆ, ಆದರೆ ಅದರಿಂದಾಚೆ ಪಶ್ಚಿಮಕ್ಕೆ ಬೇರೆ ಗುಡ್ಡವಿಲ್ಲ, ಬರೀ ಸಮುದ್ರ. ತುದಿಯಲ್ಲಿ ಕಂಚಿನ ಯುಗದ ಕಲ್ಲುಗುಪ್ಪೆ. ಅದರ ಮೇಲೆ ಮಧ್ಯಯುಗದಲ್ಲಿ ಒಂದು ಪ್ರಾರ್ಥನಾ ಮಂದಿರವಿತ್ತು, 19ನೇ ಶತಮಾನದ ಆರಂಭದಲ್ಲಿ ಅದನ್ನು ಕೆಡವಿದರು. ಸರಪಳಿಯ ಮೊದಲ ಬೆಂಕಿ ಇಲ್ಲಿಯದು. ಅದು ಕಂಡ ಮೇಲೆ ಪೂರ್ವದ ಗುಡ್ಡದವರು ತಮ್ಮದನ್ನು ಹೊತ್ತಿಸಬೇಕು, ಅವರದ್ದು ಕಂಡು ಮುಂದಿನವರು. ಹೀಗೆ ಗುಡ್ಡದಿಂದ ಗುಡ್ಡಕ್ಕೆ ದಾಟುತ್ತ, ಕಾರ್ನ್‌ವಾಲ್‌ನ ಗಡಿಯಾದ ಟೇಮರ್ ನದಿಯ ಹತ್ತಿರದ ಕಿಟ್ ಹಿಲ್ ತಲುಪುವುದು ಮೂಲ ಯೋಜನೆ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಗೆ, ಆದ್ದರಿಂದ ಎಲ್ಲವೂ ತಡ. ಕಡಲ ಮಂಜು ಕವಿದ ವರ್ಷ ಪಕ್ಕದ ಗುಡ್ಡವೇ ಕಾಣುವುದಿಲ್ಲ. ಆಗ ಸರಪಳಿ ಎಂಬುದು ನಂಬಿಕೆಯ ಮಾತು.

ಪಾದ್ರಿಯೊಬ್ಬರ ಪ್ರಾರ್ಥನೆ, ನಮ್ಮ ಹಿರಿಯರು ಮಾಡುತ್ತಿದ್ದಂತೆ ಈ ರಾತ್ರಿ ಬೆಂಕಿ ಹಚ್ಚುತ್ತಿದ್ದೇವೆ ಎಂಬ ಘೋಷಣೆ, ಗುಚ್ಛ, ಕೈಕೈ ಹಿಡಿದು ಸುತ್ತುವ ಕುಣಿತ, ಕೆಂಡ ತಗ್ಗಿದ ಮೇಲೆ ಹಾರುವವರು ಹಾರುವುದು. ಕಾರ್ಯಕ್ರಮ ಇಷ್ಟೇ.

ಸಾವಿರಾರು ವರ್ಷ ತಪ್ಪದೆ ನಡೆದುಬಂದ ಸೆಲ್ಟಿಕ್ ಆಚರಣೆ ಎಂದು ಪ್ರವಾಸಿ ಕೈಪಿಡಿಗಳಲ್ಲಿ ಬರೆಯುವುದುಂಟು. ಅದನ್ನು ನಂಬಬೇಕಾಗಿಲ್ಲ. ಸ್ನಾನಿಕ ಯೋಹಾನನ ಮುನ್ನಾದಿನದ ಬೆಂಕಿ ಸ್ಕ್ಯಾಂಡಿನೇವಿಯಾದಲ್ಲೂ ಇದೆ, ಸ್ಪೇನಿನಲ್ಲೂ ಇದೆ. ಮಧ್ಯಯುಗದ ಐರಿಶ್ ಗ್ರಂಥಗಳು ಹೇಳುವ ನಾಲ್ಕು ದೊಡ್ಡ ಹಬ್ಬಗಳಾದ ಸೌಇನ್, ಇಂಬೊಲ್ಕ್, ಬೆಲ್ಟೇನ್, ಲೂನಸಾಗಳಲ್ಲಿ ಜೂನ್ ಕೊನೆಯ ಈ ನಡುಬೇಸಗೆಯ ಹಬ್ಬ ಇಲ್ಲವೇ ಇಲ್ಲ. ಹಾಗೆಂದು ಸೆಲ್ಟಿಕ್ ಜನ ಅದನ್ನು ತಮ್ಮದಾಗಿಸಿಕೊಳ್ಳಲಿಲ್ಲ ಎಂದಲ್ಲ. ಐರ್ಲೆಂಡಿನ ಪಶ್ಚಿಮದ ಹಳ್ಳಿಗಳಲ್ಲಿ ಜೂನ್ 23ರ ಬೆಂಕಿ ಇವತ್ತಿಗೂ ಉರಿಯುತ್ತದೆ. ಅದರ ಕೆಂಡವನ್ನು ಹೊಲಕ್ಕೆ ಒಯ್ಯುತ್ತಿದ್ದರು, ದನಗಳನ್ನು ಹೊಗೆಯೊಳಗಿಂದ ಹಾಯಿಸುತ್ತಿದ್ದರು. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಸೇನ್-ಝಾನ್-ದ್ಯು-ದ್ವಾದಲ್ಲಿ ಯೋಹಾನನ ಬೆರಳೆಂದು ನಂಬುವ ಅವಶೇಷವನ್ನೇ ಇಟ್ಟುಕೊಂಡು ‘ತಾಂತಾದ್’ ಎಂಬ ಬೆಂಕಿ ಹಾಕುತ್ತಾರೆ. ಮ್ಯಾನ್ ದ್ವೀಪದ ಕಥೆ ಇನ್ನೂ ಚಂದ. ಕಡಲ ದೇವತೆ ಮನನ್ನಾನ್‌ಗೆ ನಡುಬೇಸಗೆಯ ಹಿಂದಿನ ದಿನ ಜೊಂಡುಹುಲ್ಲನ್ನು ಕಂದಾಯವಾಗಿ ಕೊಡುತ್ತಿದ್ದರಂತೆ. 1753ರಲ್ಲಿ ಪಂಚಾಂಗ ಬದಲಾಗಿ ಹನ್ನೊಂದು ದಿನ ಹಾರಿತು. ದ್ವೀಪದ ಸಂಸತ್ತು ಟಿನ್ವಾಲ್ಡ್ ಮಾತ್ರ ಹಳೆಯ ನಡುಬೇಸಗೆಗೇ ಅಂಟಿಕೊಂಡು ಈಗಲೂ ಜುಲೈ 5ಕ್ಕೆ ಬಯಲಲ್ಲಿ ಸೇರುತ್ತದೆ. ಶಾಸಕರು ನಡೆಯುವ ಹಾದಿಗೆ ಜೊಂಡು ಹಾಸಿರುತ್ತದೆ, ಕೋಟಿನ ಎದೆಗೆ ಮಗ್‌ವರ್ಟ್ ಸೊಪ್ಪು. ತೆರಿಗೆ ತೆಗೆದುಕೊಳ್ಳುವವರೇ ಕಂದಾಯದ ಹುಲ್ಲಿನ ಮೇಲೆ ನಡೆಯುವ ದೃಶ್ಯ ಬೇರೆಲ್ಲಿ ಸಿಕ್ಕೀತು?

ಕಾರ್ನ್‌ವಾಲ್‌ಗೆ ಮರಳೋಣ. ಅಲ್ಲಿನ ಬೆಂಕಿ ಹಳೆಯದು ಹೌದು. ವಿಲಿಯಂ ಬೋರ್ಲೇಸ್ ಎಂಬ ಪಾದ್ರಿ 1754ರ ತನ್ನ ಪುರಾತತ್ವ ಗ್ರಂಥದಲ್ಲಿ ಅದನ್ನು ವಿವರಿಸಿದ್ದಾನೆ. ಆ ಹಬ್ಬದ ಕಾರ್ನಿಶ್ ಹೆಸರು ಗೊಲುವನ್, ಈಗ ಗೊಲೊವನ್. ಝೆನ್ನರ್ ಹಳ್ಳಿಯ ಬಂಡೆಯೊಂದರ ಬಳಿ ಆ ರಾತ್ರಿ ಸೀಮೆಯ ಮಾಟಗಾತಿಯರೆಲ್ಲ ಸೇರುತ್ತಾರೆಂದೂ, ನಡುರಾತ್ರಿ ಆ ಬಂಡೆಯನ್ನು ಒಂಬತ್ತು ಸಲ ಮುಟ್ಟಿದರೆ ಕೇಡು ತಟ್ಟುವುದಿಲ್ಲವೆಂದೂ ಜನ ಹೇಳುತ್ತಿದ್ದುದನ್ನು ಜಾನಪದ ಸಂಗ್ರಹಕಾರ ರಾಬರ್ಟ್ ಹಂಟ್ 1865ರಲ್ಲಿ ದಾಖಲಿಸಿದ. ಪೆನ್ಜಾನ್ಸ್ ಪಟ್ಟಣದಲ್ಲಂತೂ ಬೆಂಕಿ ಬೀದಿಗೇ ಇಳಿಯುತ್ತಿತ್ತು. ಸಾಲು ಸಾಲು ಟಾರು ಪೀಪಾಯಿಗಳು. ಕ್ಯಾನ್ವಾಸ್ ಬಟ್ಟೆಯನ್ನು ಮಡಿಸಿ, ಟಾರಿನಲ್ಲಿ ಅದ್ದಿ, ಕೋಲಿನ ತುದಿಗೆ ಮೊಳೆ ಹೊಡೆದು ಮಾಡಿದ ಪಂಜುಗಳು. ಇನ್ನು ಕೆಲವಕ್ಕೆ ಸರಪಳಿ ಕಟ್ಟಿ ತಲೆಯ ಸುತ್ತ ಗಿರಗಿರನೆ ತಿರುಗಿಸುತ್ತಿದ್ದರು. ಬೆಂಕಿ ಇಳಿದ ಮೇಲೆ ಹಡಗುಕಟ್ಟೆಯ ಕಡೆಯಿಂದ ಗಂಡಸರು ಹೆಂಗಸರು ಕೈ ಹಿಡಿದ ಉದ್ದನೆಯ ಸಾಲು ಬೀದಿಗಳಲ್ಲಿ ಓಡಿ ಬರುತ್ತಿತ್ತು. ಥಟ್ಟನೆ ನಿಂತಾಗ ಕೊನೆಯ ಇಬ್ಬರು ಕೈ ಮೇಲೆತ್ತಿ ಸೂಜಿಯ ಕಣ್ಣಾಗಬೇಕು, ಉಳಿದವರೆಲ್ಲ ನೂಲಾಗಿ ಅದರೊಳಗೆ ತೂರಬೇಕು. ಸುಸ್ತಾಗಿ ಕೈ ಬಿಡುವ ತನಕ ಇದೇ ಆಟ. ಮರುದಿನ ಕಟ್ಟೆಯಲ್ಲಿ ಜಾತ್ರೆ, ಹಳ್ಳಿಯಿಂದ ಬಂದವರಿಗೆ ಒಂದು ಪೆನ್ನಿಗೆ ದೋಣಿ ಸವಾರಿ.

ಇದನ್ನೆಲ್ಲ ಬರೆದಿಟ್ಟವರಲ್ಲಿ ಪೆನ್ಜಾನ್ಸ್‌ನವಳೇ ಆದ ಮಾರ್ಗರೆಟ್ ಆನ್ ಕೋರ್ಟ್ನಿ ಮುಖ್ಯಳು. ಆಕೆಯ ಹಬ್ಬಗಳ ಪುಸ್ತಕ ಬಂದದ್ದು 1890ರಲ್ಲಿ. ಅದೇ ಹೊತ್ತಿಗೆ ಆ ಹಬ್ಬದ ಉಸಿರು ನಿಲ್ಲುತ್ತ ಬಂದಿತ್ತು. ಬೀದಿಯಲ್ಲಿ ಟಾರು ಉರಿಸುವುದು ಊರ ಹಿರಿಯರಿಗೆ ಅಪಾಯವಾಗಿ ಕಂಡಿತು, ನಿಜಕ್ಕೂ ಅಪಾಯವೇ. ಶತಮಾನ ಮುಗಿಯುವ ಹೊತ್ತಿಗೆ ಪೀಪಾಯಿಗಳು ನಿಂತವು.

ಅದನ್ನು ಮತ್ತೆ ಹೊತ್ತಿಸಿದವರ ಕಸುಬು ಬೆಂಕಿಯದಲ್ಲ, ನಿಘಂಟಿನದು. ರಾಬರ್ಟ್ ಮಾರ್ಟನ್ ನಾನ್ಸ್ 1873ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಹುಟ್ಟಿದವನು, ತಂದೆತಾಯಿ ಕಾರ್ನ್‌ವಾಲ್‌ನವರು. ಚಿತ್ರಕಾರ, ಹಾಯಿಹಡಗುಗಳ ಮಾದರಿಗಳ ಬಗ್ಗೆ ಪುಸ್ತಕ ಬರೆದವನು. ಕಾರ್ನಿಶ್ ಆಡುತ್ತಿದ್ದ ಕೊನೆಯವರಲ್ಲಿ ಹೆಸರಾದ ಡಾಲಿ ಪೆಂಟ್ರೀತ್ ಎಂಬ ಮೀನು ಮಾರುವ ಹೆಂಗಸು ತೀರಿಕೊಂಡದ್ದು 1777ರಲ್ಲಿ. ಹೆನ್ರಿ ಜೆನ್ನರ್ ಆ ಭಾಷೆಗೊಂದು ಕೈಪಿಡಿ ಬರೆದದ್ದು 1904ರಲ್ಲಿ. ನಾನ್ಸ್ ಅಲ್ಲಿಂದ ಮುಂದಕ್ಕೆ ಹೊತ್ತ. 1920ರಲ್ಲಿ ಸೇಂಟ್ ಐವ್ಸ್‌ನಲ್ಲಿ ಮೊದಲ ‘ಓಲ್ಡ್ ಕಾರ್ನ್‌ವಾಲ್ ಸೊಸೈಟಿ’ ಕಟ್ಟಿದ. ಊರೂರಲ್ಲಿ ಇಂಥವು ಹುಟ್ಟಿ 1924ರಲ್ಲಿ ಒಕ್ಕೂಟವಾಯಿತು. ಚೂರುಗಳನ್ನು ಆಯ್ದಿಡಿ, ಏನೂ ಕಳೆದುಹೋಗದಿರಲಿ ಎಂಬ ಅರ್ಥದ ಬೈಬಲ್ ಮಾತೇ ಅದರ ಧ್ಯೇಯವಾಕ್ಯ. ಮೀನುಗಾರರ ಬಾಯಲ್ಲಿ ಉಳಿದ ಶಬ್ದ, ಹೊಲದ ಹೆಸರು, ಅಜ್ಜಿಯರ ಗಾದೆ, ಸಿಕ್ಕಿದ್ದನ್ನೆಲ್ಲ ಬರೆದುಕೊಂಡರು. ಬರೆದುಕೊಂಡದ್ದು ಕಪಾಟಿನಲ್ಲೇ ಕೂತರೆ ಏನು ಬಂತು? 1929ರಲ್ಲಿ ಗುಡ್ಡಗಳ ಮೇಲೆ ಬೆಂಕಿಯ ಸರಪಳಿಯನ್ನು ಮತ್ತೆ ಶುರುಮಾಡಿದರು.

ಹೂಗಳ ಒಡತಿಯೂ ಗುಚ್ಛವೂ ಇಂದಿರುವ ಕ್ರಮ ಆ ಪುನರಾರಂಭದ ಕಾಲದ್ದು. ಹಾಗಾದರೆ ಇದು ನಕಲಿಯೇ ಎಂದು ಕೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಾತಾಡುವವರೇ ಇಲ್ಲದ ಭಾಷೆಗೆ ವರ್ಷಕ್ಕೊಂದು ರಾತ್ರಿಯಾದರೂ ಬಯಲಲ್ಲಿ, ಗಾಳಿಯಲ್ಲಿ, ಗಟ್ಟಿಯಾಗಿ ಕೇಳಿಸುವ ಕೆಲಸ ಕೊಟ್ಟದ್ದು ಸಣ್ಣ ಉಪಾಯವಲ್ಲ. ಒಡತಿಯಾಗಿ ನಿಲ್ಲುವವಳು ಆ ಸಾಲುಗಳನ್ನು ಕಲಿಯಲೇಬೇಕು. ಎರಡನೇ ಮಹಾಯುದ್ಧದ ದೀಪನಿಷೇಧದಲ್ಲಿ ಬೆಂಕಿ ನಿಂತಿತು, ಯುದ್ಧ ಮುಗಿದ ಮೇಲೆ ಮರಳಿತು. 2002ರಲ್ಲಿ ಬ್ರಿಟಿಷ್ ಸರ್ಕಾರ ಕಾರ್ನಿಶ್‌ಗೆ ಮಾನ್ಯತೆ ಕೊಟ್ಟಿತು. ಯುನೆಸ್ಕೊ 2010ರಲ್ಲಿ ಅದನ್ನು ‘ಅಳಿದ’ ಭಾಷೆಗಳ ಪಟ್ಟಿಯಿಂದ ‘ಅಳಿವಿನಂಚಿನ’ ಪಟ್ಟಿಗೆ ಸರಿಸಿತು. 2011ರ ಜನಗಣತಿಯಲ್ಲಿ ತಮ್ಮ ಮುಖ್ಯ ಭಾಷೆ ಕಾರ್ನಿಶ್ ಎಂದವರು 557. ನಮ್ಮಲ್ಲಿ ಒಂದು ಮದುವೆ ಮನೆಯ ಪಂಕ್ತಿಗೂ ಸಾಲದ ಸಂಖ್ಯೆ. ಆದರೆ ನಾನ್ಸ್ ನಿಘಂಟಿಗೆ ಕೂತಾಗ ಮನೆಮಾತಾಗಿ ಅದನ್ನು ಆಡುವವರೇ ಇರಲಿಲ್ಲ.

ಪೆನ್ಜಾನ್ಸ್ ಪಟ್ಟಣದ ಹಬ್ಬ ಇನ್ನೂ ಅರವತ್ತು ವರ್ಷ ಕಾಯಬೇಕಾಯಿತು. 1991ರಲ್ಲಿ ಕಲಾವಿದರು, ಶಾಲೆಗಳು ಸೇರಿ ಗೊಲೊವನ್ ಹಬ್ಬವನ್ನು ಎಬ್ಬಿಸಿದರು. ಬೀದಿಗೆ ಹಸಿರು ಕೊಂಬೆಗಳ ತೋರಣ, ಹಾಸ್ಯಕ್ಕೊಬ್ಬ ಅಣಕು ಮೇಯರ್, ಕುದುರೆಯ ತಲೆಬುರುಡೆ ಹೊತ್ತು ಕುಣಿಯುವ ಪೆಂಗ್ಲಾಜ್, ಮತ್ತು ಆ ಹಳೆಯ ಕೈಸರಪಳಿಯ ಓಟ, ಈಗ ಹಾವಿನ ಕುಣಿತ. ಮಕ್ಕಳು ಕಟ್ಟುವ ದೈತ್ಯ ಬೊಂಬೆಗಳ ಮೆರವಣಿಗೆಗೆ ಜನ ಕಿಕ್ಕಿರಿಯುತ್ತಾರೆ. ಗುಡ್ಡದ ಬೆಂಕಿಗೆ ಅಷ್ಟು ಜನ ಇಲ್ಲ. ಬೇಸಗೆಯಲ್ಲಿ ಗುಡ್ಡದ ಪೊದೆ ಒಣಗಿರುತ್ತದೆ, ಗಾಳಿ ನೋಡಿಕೊಂಡು ಹಚ್ಚಬೇಕು, ಸೌದೆ ಹೊರುವವರು ಬೇಕು. ಇದಕ್ಕೆಲ್ಲ ಸಂಘದ ಸದಸ್ಯರೇ ಆಗಬೇಕು, ಟಿಕೆಟ್ಟಿಲ್ಲದ ಹಬ್ಬಕ್ಕೆ ಪ್ರಾಯೋಜಕರು ಸುಲಭಕ್ಕೆ ಸಿಗುವುದಿಲ್ಲ. ನನ್ನನ್ನು ಕೇಳಿದರೆ ಪಟ್ಟಣದ ಮೆರವಣಿಗೆಗೆ ಸಿಗುವ ಗಮನದಲ್ಲಿ ಒಂದು ಪಾಲಾದರೂ ಗುಡ್ಡಕ್ಕೆ ಹೋಗಬೇಕು.

ಮರಳದೆ ಉಳಿದದ್ದೊಂದಿದೆ, ಗಣಿಗಳ ಆಚರಣೆ; ಅದರ ಜಾಡು ನಮ್ಮ ಕಡೆಗೂ ಬರುತ್ತದೆ. ಯೋಹಾನನ ಹಬ್ಬ ಕಾರ್ನ್‌ವಾಲ್‌ನ ಗಣಿಕಾರ್ಮಿಕರಿಗೂ ರಜೆಯಾಗಿತ್ತು. ಬಂಡೆಗಳಲ್ಲಿ ಕುಳಿ ಕೊರೆದು ಮದ್ದು ತುಂಬಿ ಸಿಡಿಸುತ್ತಿದ್ದರು. ಅವರಿಗೆ ಗೊತ್ತಿದ್ದ ಬೆಂಕಿ ಅದೇ. ಎಂಜಿನ್ ಮನೆಯ ಎತ್ತುಗಂಬಕ್ಕೆ ಒಂದು ಹಸಿರು ಕೊಂಬೆ ಕಟ್ಟುತ್ತಿದ್ದರೆಂದು ಕೋರ್ಟ್ನಿ ಬರೆದಿದ್ದಾಳೆ, ಯೋಹಾನ ಕಾಡಿನಲ್ಲಿ ಬೋಧಿಸಿದ್ದರ ನೆನಪಿಗೆ. 1866ರಲ್ಲಿ ತಾಮ್ರದ ಬೆಲೆ ಕುಸಿಯಿತು, ಆಮೇಲೆ ತವರದ್ದು. ಆ ಕಾರ್ಮಿಕರು ಆಸ್ಟ್ರೇಲಿಯಾ, ಅಮೆರಿಕ, ದಕ್ಷಿಣ ಆಫ್ರಿಕಾಗಳಿಗೆ ಚದುರಿದರು. ಕಾರ್ನ್‌ವಾಲ್‌ನ ಗಣಿಗಳಲ್ಲಿ ಪಳಗಿದ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಹಿಡಿದಾಗ, ಕೆಲವರು ಅಲ್ಲಿಗೂ ಬಂದರು. ಕಾರ್ನ್‌ವಾಲ್‌ನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ 1998ರ ಮಾರ್ಚ್‌ನಲ್ಲಿ ಮುಚ್ಚಿತು, ಕೋಲಾರದ್ದು 2001ರ ಫೆಬ್ರವರಿಯಲ್ಲಿ. ಸೌತ್ ಕ್ರಾಫ್ಟಿಯನ್ನು ಮತ್ತೆ ತೆರೆಯುವ ಪ್ರಯತ್ನ ನಡೆದಿದೆ. ತೆರೆದರೆ, ಕೊಂಬೆ ಕಟ್ಟುವ ದಿನ ಯಾವುದೆಂದು ಓಲ್ಡ್ ಕಾರ್ನ್‌ವಾಲ್ ಸೊಸೈಟಿಯವರನ್ನು ಕೇಳಬಹುದು, ಅವರು ಬರೆದಿಟ್ಟುಕೊಂಡಿದ್ದಾರೆ.