ಚಿತ್ರ ತಿರುಗಲಿ, ಒಕ್ಕಣೆ ಉಳಿಯಲಿ

ಹಳೆಯ ಓಲೆಗರಿಯ ಗ್ರಂಥಗಳಲ್ಲಿ ಕಾವ್ಯವು ಮುಗಿದ ಮೇಲೆ ಲಿಪಿಕಾರನು ತನ್ನದಾಗಿ ನಾಲ್ಕು ಸಾಲುಗಳನ್ನು ಬರೆದಿರುವುದುಂಟು. ಯಾವ ಸಂವತ್ಸರದ ಯಾವ ಮಾಸ, ಯಾವ ತಿಥಿಯಂದು, ಯಾವ ಊರಿನಲ್ಲಿ, ಯಾರಿಗೋಸ್ಕರ ಬರೆದು ಮುಗಿಸಿದೆ ಎಂಬ ಒಕ್ಕಣೆ ಅಲ್ಲಿರುತ್ತದೆ. ಆ ಸಾಲುಗಳು ಕವಿಯವಲ್ಲ. ಆದರೂ ಪ್ರತಿಯ ಕಾಲವನ್ನು ನಿರ್ಣಯಿಸುವ ವಿದ್ವಾಂಸನು ಮೊದಲು ಹುಡುಕುವುದು ಅವನ್ನೇ. ಕೊನೆಯ ಗರಿ ಕಳೆದುಹೋದರೆ ಕಾವ್ಯ ಉಳಿದರೂ ಆ ಪ್ರತಿ ಊರು ಕೇರಿ ಇಲ್ಲದ್ದಾಗುತ್ತದೆ.

ವಾಚಕರೇ, ನಿಮ್ಮ ಮೊಬೈಲಿನಲ್ಲಿ ತೆಗೆದ ಫೋಟೋಕ್ಕೂ ಇಂಥದೊಂದು ಕೊನೆಯ ಗರಿ ಇದೆ. ಅದು ಚಿತ್ರದ ಮೇಲೆ ಕಾಣುವುದಿಲ್ಲ, ಕಡತದೊಳಗೆ ಅಡಗಿರುತ್ತದೆ. ತೆಗೆದ ದಿನ, ಗಂಟೆ, ನಿಮಿಷ, ಕ್ಯಾಮರಾದ ಹೆಸರು, ನೀವು ಅನುಮತಿ ಕೊಟ್ಟಿದ್ದರೆ ಆ ಸ್ಥಳದ ಅಕ್ಷಾಂಶ ರೇಖಾಂಶಗಳು ಸಹ ಅದರಲ್ಲಿ ದಾಖಲಾಗುತ್ತವೆ. ಇದಕ್ಕೆ ಮೆಟಾಡೇಟಾ ಎಂದು ಹೆಸರು. ನಾವು ಒಳಟಿಪ್ಪಣಿ ಎನ್ನೋಣ. ಅದನ್ನು ಬರೆಯುವ ‘ಎಕ್ಸಿಫ್’ ಎಂಬ ಕ್ರಮವನ್ನು ಜಪಾನಿನ ಉದ್ಯಮ ಸಂಘವೊಂದು 1995ರಲ್ಲಿ ಗೊತ್ತುಮಾಡಿತು. ಅಡ್ಡವಾಗಿ ಬಿದ್ದ ಚಿತ್ರವನ್ನು ನೆಟ್ಟಗೆ ನಿಲ್ಲಿಸಲು ಹೋದಾಗ ಈ ಟಿಪ್ಪಣಿಗೆ ಅಪಾಯ ಒದಗುತ್ತದೆ. ಅದು ಹೇಗೆಂಬುದನ್ನು ಈಗ ನೋಡೋಣ.

ಬೀದರಿನ ಮಹಮೂದ್ ಗವಾನನ ಮದರಸಾವನ್ನು ನೆನೆಯಿರಿ. 1472ರ ಈ ಕಟ್ಟಡದ ಮುಂಭಾಗದ ಎರಡು ಮಿನಾರುಗಳಲ್ಲಿ ಒಂದು ಮಾತ್ರ ಉಳಿದಿದೆ. ಎತ್ತರದ ಮಿನಾರು ಪೂರ್ತಿ ಕಾಣಬೇಕೆಂದು ಯಾರಾದರೂ ಮೊಬೈಲನ್ನು ನೆಟ್ಟಗೆ ಹಿಡಿಯುತ್ತಾರೆ. ಆದರೆ ಅನೇಕ ಮೊಬೈಲುಗಳು ಚಿತ್ರವನ್ನು ಅಡ್ಡವಾಗಿಯೇ ಬರೆದಿಟ್ಟು, ಒಳಟಿಪ್ಪಣಿಯಲ್ಲಿ ಒಂದು ಅಂಕವನ್ನು ಸೇರಿಸುತ್ತವೆ. ಅಂಕ 1 ಎಂದರೆ ಇದ್ದಂತೆಯೇ ತೋರಿಸು; 3 ಎಂದರೆ ತಲೆಕೆಳಗು ಮಾಡಿ ತೋರಿಸು; 6 ಎಂದರೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಕಾಲು ಸುತ್ತು ತಿರುಗಿಸು; 8 ಎಂದರೆ ಅದರ ವಿರುದ್ಧ ದಿಕ್ಕಿಗೆ ಕಾಲು ಸುತ್ತು. ಉಳಿದ ನಾಲ್ಕು ಅಂಕಗಳು ಕನ್ನಡಿಯಲ್ಲಿ ಕಂಡಂಥ ಚಿತ್ರಗಳಿಗೆ ಸಂಬಂಧಿಸಿದವು. ಈ ಅಂಕವನ್ನು ಓದುವ ತಂತ್ರಾಂಶದಲ್ಲಿ ಮಿನಾರು ನಿಲ್ಲುತ್ತದೆ. ಓದದ ತಂತ್ರಾಂಶದಲ್ಲಿ ಮಲಗುತ್ತದೆ. ಚಿತ್ರ ಒಂದೇ ಆದರೂ ಮೊಬೈಲಿನಲ್ಲಿ ಸರಿಯಾಗಿದ್ದದ್ದು ಕಂಪ್ಯೂಟರಿನಲ್ಲಿ ಅಡ್ಡವಾಗುವುದಕ್ಕೆ ಕಾರಣವಿದು.

ಮಲಗಿದ್ದನ್ನು ಎಬ್ಬಿಸಲು ಮೂರು ಮಾರ್ಗಗಳುಂಟು. ಮೊದಲನೆಯದು, ಚಿತ್ರವನ್ನು ಮುಟ್ಟದೆ ಅಂಕವನ್ನಷ್ಟೇ ಬದಲಿಸುವುದು. ಇದರಿಂದ ಚಿತ್ರಕ್ಕೆ ಕಿಂಚಿತ್ತೂ ನಷ್ಟವಿಲ್ಲ. ಆದರೆ ಅಂಕವನ್ನು ಓದದ ತಂತ್ರಾಂಶಕ್ಕೆ ಇದರಿಂದ ಪ್ರಯೋಜನವೂ ಇಲ್ಲ.

ಎರಡನೆಯದು, ಚಿತ್ರದ ತುಣುಕುಗಳನ್ನೇ ಹೊಸದಾಗಿ ಜೋಡಿಸುವುದು. ಜೆಪೆಗ್ ಎಂಬ ಬಗೆಯ ಕಡತದಲ್ಲಿ ಚಿತ್ರವು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಚೌಕಗಳಾಗಿ ಕೂಡಿಟ್ಟಿರುತ್ತದೆ. ಬಣ್ಣದ ಚಿತ್ರಗಳಲ್ಲಿ ಸಾಮಾನ್ಯವಾಗಿ 16ಕ್ಕೆ 16ರ ಕಂತೆಯಾಗಿರುತ್ತದೆ. ಈ ಕಂತೆಗಳನ್ನು ಹಾಗೆಯೇ ತಿರುಗಿಸಿ ಜೋಡಿಸಿದರೆ ಚಿತ್ರ ಸವೆಯುವುದಿಲ್ಲ. ‘ಜೆಪೆಗ್‌ಟ್ರಾನ್’ ಎಂಬ ಉಚಿತ ತಂತ್ರಾಂಶ ಮಾಡುವ ಕೆಲಸ ಇದೇ. ಇದರಲ್ಲಿ ಎರಡು ಎಚ್ಚರಗಳು ಬೇಕು. 4032ಕ್ಕೆ 3024 ಚುಕ್ಕೆಗಳ ಚಿತ್ರದಲ್ಲಿ ಎರಡು ಬದಿಗಳೂ 16ರಿಂದ ಶೇಷವಿಲ್ಲದೆ ಭಾಗವಾಗುತ್ತವೆ. 4000ಕ್ಕೆ 3000ದ ಚಿತ್ರದಲ್ಲಾದರೋ 3000ವನ್ನು 16ರಿಂದ ಭಾಗಿಸಿದರೆ 8 ಸಾಲುಗಳು ಶೇಷ ಉಳಿದು, ಆ ಅಂಚನ್ನು ಕತ್ತರಿಸಬೇಕಾಗಬಹುದು. ಇದು ಒಂದು. ಟಿಪ್ಪಣಿಗಳನ್ನೆಲ್ಲ ನಕಲು ಮಾಡು ಎಂದು, ಅಂದರೆ ‘ಕಾಪಿ ಆಲ್’ ಎಂದು, ಹೇಳದೆ ಹೋದರೆ ಈ ತಂತ್ರಾಂಶ ಸಾಮಾನ್ಯವಾಗಿ ಎಕ್ಸಿಫ್ ಟಿಪ್ಪಣಿಯನ್ನು ಹಿಂದೆಯೇ ಬಿಡುತ್ತದೆ. ಇದು ಇನ್ನೊಂದು.

ಮೂರನೆಯದು, ಚಿತ್ರವನ್ನು ಪೂರ್ತಿ ಬಿಚ್ಚಿ, ತಿರುಗಿಸಿ, ಮತ್ತೆ ಅಡಕಮಾಡಿ ಕಡತವಾಗಿಸುವುದು. ಹೀಗೆ ಮಾಡಿದ ಪ್ರತಿಸಲವೂ ಚಿತ್ರ ಸ್ವಲ್ಪ ಸವೆಯುತ್ತದೆ; ಜತೆಗೆ ಕೆಲವು ತಂತ್ರಾಂಶಗಳು ದಿನ, ಸ್ಥಳಗಳ ಟಿಪ್ಪಣಿಯನ್ನು ಕೈಬಿಡುತ್ತವೆ. ಅವಸರದ ನಕಲುಗಾರನು ಕಾವ್ಯವನ್ನು ಬರೆದುಕೊಂಡು ಕೊನೆಯ ಗರಿಯನ್ನು ಬಿಟ್ಟಂತಾಯಿತು.

ಇನ್ನೊಂದು ತೊಡಕನ್ನೂ ಹೇಳಬೇಕು. ಚಿತ್ರವನ್ನು ನಿಜವಾಗಿ ತಿರುಗಿಸಿದ ಮೇಲೂ ಟಿಪ್ಪಣಿಯಲ್ಲಿ 6 ಎಂಬ ಹಳೆಯ ಅಂಕವೇ ಉಳಿದರೆ, ಅದನ್ನು ಓದುವ ತಂತ್ರಾಂಶ ಮತ್ತೆ ಕಾಲು ಸುತ್ತು ತಿರುಗಿಸಿ ನಿಂತ ಮಿನಾರನ್ನು ಪುನಃ ಮಲಗಿಸುತ್ತದೆ. ಆದ್ದರಿಂದ ತಿರುಗಿಸಿದ ಚಿತ್ರದಲ್ಲಿ ಅಂಕವನ್ನು 1 ಮಾಡಬೇಕು. ‘ಎಕ್ಸಿಫ್‌ಟೂಲ್’ ಎಂಬ ಇನ್ನೊಂದು ಉಚಿತ ತಂತ್ರಾಂಶ ಅಂಕವನ್ನು ತಿದ್ದಬಲ್ಲದು; ಟಿಪ್ಪಣಿ ಕಳೆದುಕೊಂಡ ಪ್ರತಿಗೆ ಮೂಲ ಕಡತದಿಂದ ಟಿಪ್ಪಣಿಯನ್ನು ಮತ್ತೆ ತುಂಬಲೂಬಲ್ಲದು. ಆದರೆ ಮೂಲ ಉಳಿದಿದ್ದರೆ ತಾನೆ ತುಂಬುವುದು?

ಇಷ್ಟೆಲ್ಲ ಪರಿಶ್ರಮ ಏಕೆಂದು ನೀವು ಕೇಳಬಹುದು. ಮದರಸಾದ ಗೋಡೆಗಳ ಬಣ್ಣದ ಹೆಂಚುಗಳಲ್ಲಿ ಬಹುಭಾಗ ಉದುರಿಹೋಗಿ, ಅಲ್ಲಲ್ಲಿ ಮಾತ್ರ ಉಳಿದಿವೆ. ಉಳಿದವುಗಳಲ್ಲಿ ಯಾವುದು ಯಾವ ವರ್ಷ ಇತ್ತು, ಯಾವ ವರ್ಷ ಇಲ್ಲವಾಯಿತು ಎಂದು ಮುಂದೆ ಹೇಳಬಲ್ಲವು ದಿನಾಂಕವುಳ್ಳ ಚಿತ್ರಗಳು. ಭಾಲ್ಕಿ ಕೋಟೆಯ ಗೋಡೆಯ ಬಿರುಕು, ಔರಾದದ ಅಮರೇಶ್ವರ ಗುಡಿಯ ಕಲ್ಲಿನ ಕೆಲಸ, ಹಳ್ಳಿಯ ಅಗಸೆಯ ಬಳಿ ನಿಂತ ವೀರಗಲ್ಲು, ಇವುಗಳ ಮಾತೂ ಹಾಗೆಯೇ. ಶಾಲೆಯ ಮಕ್ಕಳು ಊರಿನ ಇತಿಹಾಸಕ್ಕೆಂದು ಚಿತ್ರ ತೆಗೆಯುವ ಕಾಲವಿದು. ನಾಳೆ ಆ ಕಲ್ಲು ಸುಣ್ಣದಡಿ ಮುಚ್ಚಿಹೋಗಬಹುದು, ಕಟ್ಟಡದ ಪಾಯಕ್ಕೆ ಸೇರಬಹುದು. ಆಗ ಉಳಿಯುವ ಚಿತ್ರಕ್ಕೆ ಊರೂ ದಿನವೂ ಇಲ್ಲದಿದ್ದರೆ ಅದು ಯಾವುದೋ ಒಂದು ಕಲ್ಲಿನ ಚಿತ್ರವಾದೀತೇ ಹೊರತು ಸಾಕ್ಷಿಯಾಗದು. ಮಾಂಜ್ರಾ ನದಿಯ ದಂಡೆಯಲ್ಲಿ ಸೋಯಾಬೀನ್ ಮುಳುಗಿದ ರೈತನ ಚಿತ್ರಕ್ಕೂ ಈ ಮಾತು ಸಲ್ಲುತ್ತದೆ. ಟಿಪ್ಪಣಿಯನ್ನು ತಿದ್ದಲೂ ಬರುವುದರಿಂದ ಅದೊಂದೇ ಪೂರ್ಣ ಪ್ರಮಾಣವಲ್ಲ, ನಿಜ. ಆದರೆ ಅದೂ ಇಲ್ಲವಾದರೆ ವಿಚಾರಣೆಗೆ ಮೊದಲ ಎಳೆಯೇ ಸಿಕ್ಕದು.

ಆದಕಾರಣ ಮನೆಯಲ್ಲಿ ಇಷ್ಟನ್ನು ರೂಢಿಮಾಡಿಕೊಳ್ಳಿ. ಮೊಬೈಲಿನ ಗಡಿಯಾರವೂ ತಾರೀಖೂ ಸರಿಯಾಗಿವೆಯೇ ನೋಡಿ. ತಪ್ಪು ತಾರೀಖು ಟಿಪ್ಪಣಿಗೂ ಹೋಗುತ್ತದೆ. ಮೂಲ ಚಿತ್ರವನ್ನು ಬೇರೆ ಕೋಶದಲ್ಲಿಟ್ಟು ನಕಲನ್ನು ಮಾತ್ರ ತಿರುಗಿಸಿ. ತಿರುಗಿಸಿದ ಮೇಲೆ ವಿಂಡೋಸ್ ಕಂಪ್ಯೂಟರಿನಲ್ಲಿ ‘ಪ್ರಾಪರ್ಟೀಸ್’ ತೆರೆದು, ‘ಡೀಟೇಲ್ಸ್’ ಎಂಬಲ್ಲಿ ‘ಡೇಟ್ ಟೇಕನ್’ ಉಳಿದಿದೆಯೇ ಎಂದು ಪರೀಕ್ಷಿಸಿ. ಕಡತವನ್ನು ತಿದ್ದಿದ ದಿನ ಬೇರೆ, ಚಿತ್ರ ತೆಗೆದ ದಿನ ಬೇರೆ. ಒಂದನ್ನು ಇನ್ನೊಂದೆಂದು ಭ್ರಮಿಸಬೇಡಿ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳುಹಿಸಿದರೆ ಟಿಪ್ಪಣಿ ಉದುರಿಹೋಗುತ್ತದೆ. ದಾಖಲೆಗೆ ಬೇಕಾದ ಚಿತ್ರವನ್ನು ‘ಡಾಕ್ಯುಮೆಂಟ್’ ಎಂದು ಕಳುಹಿಸಿ. ಮನೆಯ ಮಕ್ಕಳ ಚಿತ್ರವನ್ನು ಅಪರಿಚಿತರಿಗೆ ಕೊಡುವಾಗ ಮಾತ್ರ ಸ್ಥಳದ ಟಿಪ್ಪಣಿಯನ್ನು ನೀವೇ ತೆಗೆದುಹಾಕುವುದು ವಿವೇಕ.

ಮುಖ್ಯವಾದ ಚಿತ್ರಗಳ ದಿನ, ಊರು, ತೆಗೆದವರ ಹೆಸರುಗಳನ್ನು ಒಂದು ನೋಟುಬುಕ್ಕಿನಲ್ಲಿಯೂ ಬರೆದಿಡಿ. ಯಂತ್ರ ಮರೆತರೂ ಕಾಗದ ಮರೆಯದು.