ಹಳೇ ಲೇತಿಗೆ ಹೊಸ ಬುದ್ಧಿ

ಪ್ರಪಂಚದ ಮೊಟ್ಟಮೊದಲ ಎನ್‌ಸಿ, ಅಂದರೆ ಅಂಕಿಗಳ ಆಜ್ಞೆಯಂತೆ ನಡೆಯುವ ಯಂತ್ರ ಹೊಸ ಯಂತ್ರವೇ ಆಗಿರಲಿಲ್ಲ! 1952ರಲ್ಲಿ ಅಮೆರಿಕದ ಎಂಐಟಿ ಲೋಕಕ್ಕೆ ಓಡಿಸಿ ತೋರಿಸಿದ್ದು ಸಿನ್ಸಿನಾಟಿ ಕಂಪನಿಯ ಹೈಡ್ರೋಟೆಲ್ ಎಂಬ, ಅದಾಗಲೇ ಬಳಕೆಯಲ್ಲಿದ್ದ ಮಾದರಿಯ ಮಿಲ್ಲಿಂಗ್ ಮಷೀನನ್ನು. ಹೆಲಿಕಾಪ್ಟರ್ ರೆಕ್ಕೆಗಳ ಬಾಗು ತಿರುವುಗಳ ಜೊತೆ ಗುದ್ದಾಡಿದ್ದ ಜಾನ್ ಪಾರ್ಸನ್ಸ್ ಅವರ ಆಲೋಚನೆಯಿಂದ ಶುರುವಾದ ಕೆಲಸ ಅದು. ಮಷೀನಿಗೆ ಹೇಳಿದಷ್ಟೇ ಸರಿಸುವ ಸರ್ವೋ ಜೋಡಿಸಿದರು, ಪಕ್ಕದಲ್ಲಿ ವಾಲ್ವು ರಿಲೇ ತುಂಬಿದ ಬೀರುಗಳನ್ನು ನಿಲ್ಲಿಸಿದರು. ತೂತು ಕೊರೆದ ಕಾಗದದ ಪಟ್ಟಿ ಹೇಳಿದಂತೆ ಕಬ್ಬಿಣ ಕೇಳಿತು! ಇವತ್ತು ಬೆಂಗಳೂರಿನ ಪೀಣ್ಯದ ಶೆಡ್ಡಿನಲ್ಲಿ ಹಳೇ ಎಚ್‌ಎಂಟಿ ಲೇತನ್ನು ಬಿಚ್ಚಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಎನ್‌ಸಿ ಮಾಡುವವರು ಆ ಮೂಲ ಸಾಹಸವನ್ನೇ ಮತ್ತೆ ಮಾಡುತ್ತಿದ್ದಾರೆ.

1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಎಚ್‌ಎಂಟಿಯ ಲೇತುಗಳ ಬೆಡ್ ನೋಡಿದ್ದೀರಾ? ಎಂಥ ಭಾರ, ಎಂಥ ಗಟ್ಟಿತನ! ಕತ್ತರಿಸುವಾಗ ಏಳುವ ನಡುಕವನ್ನು ಬೀಡು ಕಬ್ಬಿಣ ತಾನೇ ನುಂಗಿಕೊಳ್ಳುತ್ತದೆ. ಸವೆಯುವುದು ಹೆಚ್ಚಾಗಿ ಸ್ಕ್ರೂ, ನಟ್ಟು, ಮತ್ತೆ ಚಕ್ಕಿನ ಹತ್ತಿರದ ಗೈಡ್‌ವೇ. ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿದರೆ ಸ್ಲೈಡು ತಕ್ಷಣ ಕದಲುವುದಿಲ್ಲ. ಟರ್ನರುಗಳಿಗೆ ಈ ಬ್ಯಾಕ್‌ಲ್ಯಾಶ್ ಬೆರಳಿನಲ್ಲೇ ಗೊತ್ತು. ಮೋಟಾರಿಗೆ ಬೆರಳಿಲ್ಲ.

ಅದಕ್ಕೇ ಬಾಲ್ ಸ್ಕ್ರೂ. ನಟ್ಟಿನೊಳಗೆ ಉಕ್ಕಿನ ಗುಂಡುಗಳು ಉರುಳುತ್ತ ಸುತ್ತಿಬರುತ್ತವೆ. ಮೊದಲೇ ಬಿಗಿ ಕೊಟ್ಟಿರುವುದರಿಂದ ಸಡಿಲ ಉಳಿಯುವುದೇ ಇಲ್ಲ ಎನ್ನಬಹುದು. ಈಗ ಲೆಕ್ಕ ಮಾಡಿ: ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಸರಿಯುತ್ತದೆ, ಅದಕ್ಕೆ ನೇರ ಜೋಡಿಸಿದ ಮೋಟಾರಿನ ಎನ್‌ಕೋಡರ್ ಒಂದು ಸುತ್ತನ್ನು 10,000 ಭಾಗ ಮಾಡಿ ಎಣಿಸುತ್ತದೆ. ಒಂದು ಎಣಿಕೆಗೆ ಅರ್ಧ ಮೈಕ್ರಾನ್! ತಲೆಗೂದಲಿನ ದಪ್ಪದಲ್ಲಿ ನೂರಕ್ಕೂ ಹೆಚ್ಚು ಮೆಟ್ಟಿಲು! ಜಾಬು ಅಷ್ಟೇ ನಿಖರವಾಗಿ ಬರುತ್ತದೆಂದಲ್ಲ, ಬಿಸಿ, ಬಾಗು, ಸವೆತ ಎಲ್ಲ ಸೇರಿಕೊಳ್ಳುತ್ತವೆ. ಆದರೂ ಹಳೇ ಮಷೀನು ಅಷ್ಟು ಸಣ್ಣ ಹೆಜ್ಜೆ ಎಣಿಸುತ್ತದಲ್ಲ!

ನನ್ನನ್ನು ದಂಗುಬಡಿಸಿದ್ದು ಥ್ರೆಡ್ ಕತ್ತರಿಸುವ ಬಗೆ. ಹಳೇ ಪದ್ಧತಿಯಲ್ಲಿ ಪಿಚ್ ಬದಲಾದರೆ ಗೇರು ಬದಲಾಯಿಸಬೇಕು, ಚಾರ್ಟು ನೋಡಿ ಲೆಕ್ಕ ಹಾಕಬೇಕು. ಈಗ ಸ್ಪಿಂಡಲ್ಲಿಗೂ ಒಂದು ಎನ್‌ಕೋಡರ್ ಕೂರಿಸಿದರೆ ಸಾಕು. ಸ್ಪಿಂಡಲ್ ಎಷ್ಟು ತಿರುಗಿತೋ ಅದಕ್ಕೆ ತಕ್ಕಂತೆ ಟೂಲು ಸರಿಯಬೇಕು. ಕಂಪ್ಯೂಟರ್ ಸೆಕೆಂಡಿಗೆ ಸಾವಿರ ಸಲ ಅದನ್ನು ಸರಿಪಡಿಸುತ್ತ ಹೋಗುತ್ತದೆ. ಕಬ್ಬಿಣದ ಗೇರುಗಳ ಕೆಲಸವನ್ನು ಬರೀ ಗುಣಾಕಾರ ಮಾಡುತ್ತಿದೆ!

ಇಷ್ಟಾದರೂ ಇಡೀ ಕೆಲಸದ ಬೇರು ಕೈಯಲ್ಲೇ ಇದೆ. ಸವೆದ ಗೈಡ್‌ವೇಗೆ ನೀಲಿ ಬಳಿದು, ಎತ್ತರ ಉಳಿದ ಕಡೆ ಸ್ಕ್ರೇಪರಿನಿಂದ ಕೂದಲೆಳೆಗಿಂತ ತೆಳುವಾಗಿ ಕೆರೆದು, ಮತ್ತೆ ಬಳಿದು, ಮತ್ತೆ ಕೆರೆಯುವ ಹಿರಿಯ ಫಿಟ್ಟರ್ ಇಲ್ಲದಿದ್ದರೆ ಎಷ್ಟು ದುಬಾರಿ ಸರ್ವೋ ಹಾಕಿದರೂ ವಕ್ರ ಬೆಡ್ಡಿನ ಮೇಲೆ ವಕ್ರ ಜಾಬೇ ಬರುತ್ತದೆ. ಸಾಫ್ಟ್‌ವೇರಿನ ಚಿಂತೆ ಅಷ್ಟಿಲ್ಲ. ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 1990ರ ದಶಕದಲ್ಲಿ ಶುರುಮಾಡಿದ ಕಂಟ್ರೋಲರು ಬೆಳೆದು ಲಿನಕ್ಸ್‌ಸಿಎನ್‌ಸಿ ಆಗಿದೆ, ಬಿಟ್ಟಿಯಾಗಿ ಸಿಗುತ್ತದೆ.

ಆದ್ದರಿಂದ ವರ್ಕ್‌ಶಾಪಿನ ಮಾಲೀಕರೇ, ಮೂಲೆಯಲ್ಲಿರುವ ಹಳೇ ಲೇತನ್ನು ಗುಜರಿಗೆ ತೂಕಕ್ಕೆ ಹಾಕುವ ಮೊದಲು ಒಬ್ಬ ಒಳ್ಳೆ ಫಿಟ್ಟರನ್ನು ಕರೆಸಿ, ಬೆಡ್ ಅಳೆಸಿ ನೋಡಿ.