ಕಾಲೇಜು ವಿದ್ಯಾರ್ಥಿಗಳ ಸ್ವಯಂಸೇವೆ ಮತ್ತು ವ್ಯಕ್ತಿತ್ವ ವಿಕಸನ: ಉಡುತಡಿ ಪರಿಸರದ ಹಿನ್ನೆಲೆಯಲ್ಲಿ

ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿ, ಹನ್ನೆರಡನೆಯ ಶತಮಾನದ ಶಿವಶರಣೆ ಅಕ್ಕಮಹಾದೇವಿಯ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಶಿರಾಳಕೊಪ್ಪಕ್ಕೆ ಸಮೀಪವಿರುವ ಈ ಗ್ರಾಮದ ಸುತ್ತಮುತ್ತಲಿನ ಹಳ್ಳಿಗಳಿಂದ ಹಾಗೂ ನೆರೆಯ ಸೊರಬ ತಾಲ್ಲೂಕಿನಿಂದ ಪ್ರತಿದಿನ ನೂರಾರು ಯುವಕ ಯುವತಿಯರು ಬಸ್ಸಿನಲ್ಲಿ ಕಾಲೇಜುಗಳಿಗೆ ತೆರಳುತ್ತಾರೆ. ಇವರಲ್ಲಿ ಹೆಚ್ಚಿನವರು ರೈತ ಮತ್ತು ಕೂಲಿಕಾರ್ಮಿಕ ಕುಟುಂಬಗಳಿಗೆ ಸೇರಿದವರು. ತಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರಾದವರೂ ಇವರ ನಡುವೆ ಇದ್ದಾರೆ.

ವಿದ್ಯಾರ್ಥಿಗಳ ಸ್ವಯಂಸೇವೆ ಎಂದೊಡನೆ ನಗರದ ಯುವಜನರು ಹಳ್ಳಿಗೆ ಬಂದು ನೆರವಾಗುವ ಚಿತ್ರ ಮನಸ್ಸಿಗೆ ಬರುವುದು ಸಹಜ. ಆದರೆ ಇಂತಹ ಪ್ರದೇಶಗಳಲ್ಲಿ ಸೇವೆ ಸಲ್ಲಿಸುವ ವಿದ್ಯಾರ್ಥಿಯೂ ಹಳ್ಳಿಯವನೇ, ಸೇವೆ ಪಡೆಯುವ ಸಮುದಾಯವೂ ಅವನದೇ. ಶಿಕ್ಷಣವು ಯುವಜನರನ್ನು ಊರಿನಿಂದ ಹೊರಗೆ ಕರೆದೊಯ್ಯುವ ದಾರಿಯಾಗಿದ್ದರೆ, ಸ್ವಯಂಸೇವೆಯು ಅದೇ ಊರನ್ನು ಹೊಸ ಕಣ್ಣಿನಿಂದ ನೋಡಲು ಕಲಿಸುವ ಸಾಧನವಾಗಿದೆ. ವ್ಯಕ್ತಿತ್ವ ವಿಕಸನವು ಈ ನೋಟದಿಂದಲೇ ಆರಂಭವಾಗುತ್ತದೆ.

ನೆಲದ ಪರಂಪರೆ

ವಿದ್ಯೆ ಮತ್ತು ಸೇವೆ ಒಂದೇ ಸೂರಿನಡಿ ಇರಬೇಕೆಂಬ ವಿಚಾರ ಈ ಭಾಗಕ್ಕೆ ಹೊಸದಲ್ಲ. ಶಿರಾಳಕೊಪ್ಪದ ಬಳಿಯಿರುವ ಬಳ್ಳಿಗಾವಿಯು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ನಾಡಿನ ಪ್ರಮುಖ ವಿದ್ಯಾಕೇಂದ್ರಗಳಲ್ಲಿ ಒಂದಾಗಿದ್ದಿತು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸಂಬಂಧಿಸಿದ ಕೋಡಿಯ ಮಠವನ್ನು 1162ರ ಶಾಸನವೊಂದು ವಿವರವಾಗಿ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಶಾಸ್ತ್ರಗಳ ಅಧ್ಯಯನ ನಡೆಯುತ್ತಿದ್ದ ಆ ಮಠದಲ್ಲಿಯೇ ದೀನರಿಗೆ, ಅಂಗವಿಕಲರಿಗೆ ಅನ್ನದಾನ ನಡೆಯುತ್ತಿತ್ತು. ರೋಗಿಗಳಿಗೆ ಔಷಧೋಪಚಾರ ದೊರೆಯುತ್ತಿತ್ತು ಎಂದು ಶಾಸನದಿಂದ ತಿಳಿದುಬರುತ್ತದೆ. ಓದುವವರ ಕಣ್ಣಳತೆಯಲ್ಲಿಯೇ ಹಸಿದವರೂ ರೋಗಿಗಳೂ ಇದ್ದರು ಎಂಬುದು ಇಲ್ಲಿ ಗಮನಾರ್ಹವಾದ ಸಂಗತಿ.

ಅದೇ ಶತಮಾನದಲ್ಲಿ ಶರಣರು ಕಾಯಕ ಮತ್ತು ದಾಸೋಹ ಎಂಬ ಎರಡು ಮೌಲ್ಯಗಳನ್ನು ಪ್ರತಿಪಾದಿಸಿದರು. ದುಡಿಮೆಯಲ್ಲಿ ಮೇಲು ಕೀಳಿಲ್ಲ, ದುಡಿದುದನ್ನು ಹಂಚಿಕೊಳ್ಳುವುದು ಉಪಕಾರವಲ್ಲ, ಕರ್ತವ್ಯ ಎಂಬುದು ಅದರ ಸಾರ. ಇಂದಿನ ಸ್ವಯಂಸೇವೆಯ ಪರಿಕಲ್ಪನೆಗೆ ಇದಕ್ಕಿಂತ ಸಮೀಪದ ಆಧಾರವನ್ನು ಬೇರೆಡೆ ಹುಡುಕಬೇಕಾಗಿಲ್ಲ.

ರಾಷ್ಟ್ರೀಯ ಸೇವಾ ಯೋಜನೆ

ಕಾಲೇಜು ಮಟ್ಟದಲ್ಲಿ ಸ್ವಯಂಸೇವೆಗೆ ಇರುವ ಪ್ರಮುಖ ವ್ಯವಸ್ಥೆ ರಾಷ್ಟ್ರೀಯ ಸೇವಾ ಯೋಜನೆ. ಸ್ವಾತಂತ್ರ್ಯಾನಂತರ ವಿದ್ಯಾರ್ಥಿಗಳ ರಾಷ್ಟ್ರಸೇವೆಯ ಬಗ್ಗೆ ಹಲವು ಸಮಿತಿಗಳು ಚಿಂತನೆ ನಡೆಸಿದವು. 1964ರಿಂದ 1966ರವರೆಗೆ ಕಾರ್ಯನಿರ್ವಹಿಸಿದ ಕೊಠಾರಿ ಶಿಕ್ಷಣ ಆಯೋಗವೂ ಸಮಾಜಸೇವೆಯು ಶಿಕ್ಷಣದ ಅಂಗವಾಗಬೇಕೆಂದು ಶಿಫಾರಸು ಮಾಡಿತು. ಅಂತಿಮವಾಗಿ ಮಹಾತ್ಮ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಅಂದಿನ ಕೇಂದ್ರ ಶಿಕ್ಷಣ ಸಚಿವರಾಗಿದ್ದ ಡಾ. ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ಈ ಯೋಜನೆಗೆ ಚಾಲನೆ ನೀಡಿದರು. ಅರ್ಥಶಾಸ್ತ್ರಜ್ಞರಾದ ಅವರು ಲೋಕಸಭೆಯಲ್ಲಿ ಬಳ್ಳಾರಿ ಕ್ಷೇತ್ರವನ್ನು ಪ್ರತಿನಿಧಿಸಿದ್ದರು. ಆರಂಭದಲ್ಲಿ 40,000 ವಿದ್ಯಾರ್ಥಿಗಳಿದ್ದ ಈ ಯೋಜನೆ ಇಂದು ದೇಶದ ಎಲ್ಲ ರಾಜ್ಯಗಳಿಗೂ ವ್ಯಾಪಿಸಿದೆ.

ಶಿವಮೊಗ್ಗ ಜಿಲ್ಲೆಯಲ್ಲಿ 1987ರಲ್ಲಿ ಸ್ಥಾಪನೆಗೊಂಡ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಒಳಪಟ್ಟ ಕಾಲೇಜುಗಳಲ್ಲಿ ಯೋಜನೆಯ ಘಟಕಗಳು ಕಾರ್ಯನಿರ್ವಹಿಸುತ್ತವೆ. ಪದವಿಪೂರ್ವ ಹಂತದಲ್ಲಿಯೂ ಘಟಕಗಳಿಗೆ ಅವಕಾಶವಿದೆ.

ಧ್ಯೇಯ ಮತ್ತು ಲಾಂಛನ

ಯೋಜನೆಯ ಧ್ಯೇಯವಾಕ್ಯ "ನನಗಲ್ಲ, ನಿನಗೆ" ಎಂಬುದಾಗಿದೆ. ಲಾಂಛನದಲ್ಲಿ ಒಡಿಶಾದ ಕೋಣಾರ್ಕ ಸೂರ್ಯ ದೇವಾಲಯದ ರಥಚಕ್ರವನ್ನು ಅಳವಡಿಸಲಾಗಿದೆ. ಚಕ್ರದ ಎಂಟು ಅರಗಳು ಹಗಲಿರುಳಿನ ಎಂಟು ಜಾವಗಳನ್ನು, ಅಂದರೆ ದಿನದ 24 ಗಂಟೆಯೂ ಸೇವೆಗೆ ಸಿದ್ಧರಿರಬೇಕೆಂಬ ಆಶಯವನ್ನು ಸೂಚಿಸುತ್ತವೆ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಸೇವೆಯು "ನನಗಲ್ಲ" ಎಂದಾದರೆ ಅದರಿಂದ ಸ್ವಂತ ವ್ಯಕ್ತಿತ್ವ ವಿಕಸನ ಹೇಗೆ ಸಾಧ್ಯ? ಉತ್ತರವು ಯೋಜನೆಯ ಕಾರ್ಯವಿಧಾನದಲ್ಲಿಯೇ ಇದೆ. ತನ್ನ ಬೆಳವಣಿಗೆಯನ್ನೇ ಗುರಿಯಾಗಿಟ್ಟುಕೊಂಡು ಬಂದ ವಿದ್ಯಾರ್ಥಿ ಪ್ರಮಾಣಪತ್ರದೊಂದಿಗೆ ಮರಳುತ್ತಾನೆ. ಊರಿನ ಒಂದು ಕೆಲಸ ಪೂರ್ಣವಾಗಬೇಕೆಂದು ಬಂದ ವಿದ್ಯಾರ್ಥಿ ಆ ಕೆಲಸಕ್ಕಾಗಿ ಕೇಳಲು, ಮಾತನಾಡಲು, ಲೆಕ್ಕ ಹಾಕಲು, ತಾಳ್ಮೆಯಿಂದಿರಲು ಕಲಿಯಲೇಬೇಕಾಗುತ್ತದೆ.

ಘಟಕ, ಅವಧಿ ಮತ್ತು ಶಿಬಿರ

* ಒಂದು ಘಟಕದಲ್ಲಿ ಸಾಮಾನ್ಯವಾಗಿ 100 ಸ್ವಯಂಸೇವಕರಿದ್ದು, ಉಪನ್ಯಾಸಕರೊಬ್ಬರು ಕಾರ್ಯಕ್ರಮಾಧಿಕಾರಿಯಾಗಿರುತ್ತಾರೆ.
* ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ಇದು ವಾರಕ್ಕೆ ಸರಾಸರಿ ಎರಡೂವರೆ ಗಂಟೆಗಿಂತ ಕಡಿಮೆ.
* ಘಟಕವು ಒಂದು ಗ್ರಾಮವನ್ನು ದತ್ತು ತೆಗೆದುಕೊಂಡು ಅಲ್ಲಿ ನಿರಂತರವಾಗಿ ಕಾರ್ಯನಿರ್ವಹಿಸುವುದು ಅಪೇಕ್ಷಣೀಯ.
* ಸ್ವಯಂಸೇವಕರು ಗ್ರಾಮದಲ್ಲಿಯೇ ತಂಗುವ 7 ದಿನಗಳ ವಾರ್ಷಿಕ ವಿಶೇಷ ಶಿಬಿರ ನಡೆಯುತ್ತದೆ.
* 240 ಗಂಟೆಗಳ ಸೇವೆಯೊಂದಿಗೆ ಒಂದು ವಿಶೇಷ ಶಿಬಿರವನ್ನೂ ಪೂರ್ಣಗೊಳಿಸಿದವರು ಪ್ರಮಾಣಪತ್ರಕ್ಕೆ ಅರ್ಹರಾಗುತ್ತಾರೆ.

ಮೊದಲ ಕೆಲಸ: ಕೇಳುವುದು

ಶಿಬಿರದ ಯಶಸ್ಸು ಅದು ಆರಂಭವಾಗುವ ಮುನ್ನವೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಗ್ರಾಮ ಪಂಚಾಯಿತಿ, ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು, ಶಾಲಾ ಶಿಕ್ಷಕರು, ಸ್ವಸಹಾಯ ಸಂಘಗಳ ಮಹಿಳೆಯರು ಹಾಗೂ ಊರಿನ ಹಿರಿಯರನ್ನು ಭೇಟಿ ಮಾಡಿ ಗ್ರಾಮದ ಅಗತ್ಯಗಳನ್ನು ತಿಳಿದುಕೊಳ್ಳುವುದು ಮೊದಲ ಹಂತ. ಮನೆಮನೆ ಸಮೀಕ್ಷೆಯ ಸಂದರ್ಭದಲ್ಲಿ ಊರಿನ ಅಂಚಿನಲ್ಲಿರುವ ಕೇರಿಗಳನ್ನು, ಹೊಲಗದ್ದೆಗಳಲ್ಲಿ ವಾಸವಿರುವ ಕುಟುಂಬಗಳನ್ನು ಬಿಡಬಾರದು. ಅದೇ ಊರಿನ ವಿದ್ಯಾರ್ಥಿಗೂ ತಾನು ಎಂದೂ ಕಾಲಿಡದ ಬೀದಿಯೊಂದು ತನ್ನ ಊರಿನಲ್ಲಿಯೇ ಇದೆಯೆಂಬುದು ಇಂತಹ ಸಮೀಕ್ಷೆಯಿಂದ ತಿಳಿಯಬಹುದು.

ಈ ಭಾಗದಲ್ಲಿ ಕೈಗೊಳ್ಳಬಹುದಾದ ಕಾರ್ಯಗಳು

1. ಮಂಗನ ಕಾಯಿಲೆಯ ಬಗ್ಗೆ ಜಾಗೃತಿ: ಕ್ಯಾಸನೂರು ಅರಣ್ಯ ಕಾಯಿಲೆ ಎಂದು ವೈದ್ಯಲೋಕದಲ್ಲಿ ಹೆಸರಾದ ಈ ರೋಗ 1957ರಲ್ಲಿ ಮೊದಲು ಪತ್ತೆಯಾಯಿತು. ಅದಕ್ಕೆ ಹೆಸರು ಬಂದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಿಂದ. ರೋಗಾಣು ಇರುವ ಉಣ್ಣೆಯ ಕಡಿತದಿಂದ ಮನುಷ್ಯರಿಗೆ ರೋಗ ಹರಡುತ್ತದೆ; ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಚಳಿಗಾಲದಿಂದ ಬೇಸಿಗೆಯ ಅಂತ್ಯದವರೆಗೆ, ಜನರು ಸೌದೆ, ದರಕು, ಸೊಪ್ಪಿಗಾಗಿ ಕಾಡಿಗೆ ಹೋಗುವ ದಿನಗಳಲ್ಲಿಯೇ ಅಪಾಯ ಹೆಚ್ಚು. 2018ರ ಕೊನೆಯಲ್ಲಿ ಕಾಣಿಸಿಕೊಂಡು 2019ರಲ್ಲಿ ಮುಂದುವರಿದ ರೋಗವು ನೆರೆಯ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಹಾನಿಯನ್ನುಂಟುಮಾಡಿತು. ಮೈಮುಚ್ಚುವ ಉಡುಪು ಧರಿಸುವುದು, ಉಣ್ಣೆ ನಿವಾರಕ ತೈಲ ಹಚ್ಚಿಕೊಳ್ಳುವುದು, ಕಾಡಿನಿಂದ ಮರಳಿದ ಕೂಡಲೇ ಬಿಸಿನೀರು ಮತ್ತು ಸಾಬೂನಿನಿಂದ ಸ್ನಾನ ಮಾಡುವುದು, ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು, ತೀವ್ರ ಜ್ವರ ಮತ್ತು ತಲೆನೋವು ಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗುವುದು ಮುಖ್ಯ. ಈ ಮಾಹಿತಿಯನ್ನು ಭಿತ್ತಿಪತ್ರಕ್ಕಿಂತ ಮನೆಯ ಮಗನೋ ಮಗಳೋ ಹೇಳಿದರೆ ಹೆಚ್ಚು ಪರಿಣಾಮಕಾರಿ.

2. ಕೆರೆಗಳ ಸಂರಕ್ಷಣೆ: ಮಲೆನಾಡು ಮತ್ತು ಬಯಲುಸೀಮೆಗಳ ನಡುವಿನ ಈ ಅರೆಮಲೆನಾಡು ಕೆರೆಗಳ ನಾಡು. ಏಳು ದಿನಗಳ ಶ್ರಮದಾನದಿಂದ ಕೆರೆಯ ಹೂಳೆತ್ತುವುದು ಸಾಧ್ಯವಿಲ್ಲ. ಆದರೆ ಕೆರೆಗೆ ನೀರು ಹರಿದುಬರುವ ಕಾಲುವೆಯ ಕಸಕಡ್ಡಿ ತೆಗೆಯುವುದು, ಏರಿಯ ಮೇಲಿನ ಮುಳ್ಳುಗಂಟಿಗಳನ್ನು ಸವರುವುದು, ತೂಬು ಮತ್ತು ಕೋಡಿಯ ಸ್ಥಿತಿಯನ್ನು ದಾಖಲಿಸಿ ಪಂಚಾಯಿತಿಗೆ ವರದಿ ನೀಡುವುದು ಸಾಧ್ಯ. ಮಳೆಗಾಲಕ್ಕೆ ಮುನ್ನ, ಪಂಚಾಯಿತಿಯ ಅನುಮತಿಯೊಂದಿಗೆ ಇವುಗಳನ್ನು ಕೈಗೊಳ್ಳಬೇಕು.

3. ಸ್ಮಾರಕಗಳ ರಕ್ಷಣೆ: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಶಾಸನಗಳು, ವೀರಗಲ್ಲುಗಳು, ಮಹಾಸತಿಕಲ್ಲುಗಳು ಹೇರಳವಾಗಿವೆ. ಪ್ರಾಚೀನ ಕದಂಬರ ಇತಿಹಾಸಕ್ಕೆ ಆಧಾರವಾದ ಸ್ತಂಭಶಾಸನವಿರುವ ತಾಳಗುಂದವೂ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಸುತ್ತಲಿನ ಕಳೆ ತೆಗೆಯುವುದು, ಸ್ಥಳವನ್ನು ದಾಖಲಿಸುವುದು ಉತ್ತಮ ಸೇವೆ. ಆದರೆ ಕಲ್ಲುಗಳಿಗೆ ಬಣ್ಣ ಬಳಿಯುವುದು, ಉಜ್ಜುವುದು, ಸ್ಥಳಾಂತರಿಸುವುದು ಸಲ್ಲದು. 1942ರ ಸ್ವಾತಂತ್ರ್ಯ ಹೋರಾಟಕ್ಕೆ ಹೆಸರಾದ ಈಸೂರಿನಂತಹ ಗ್ರಾಮಗಳಲ್ಲಿ ಕುಟುಂಬಗಳು ಉಳಿಸಿಕೊಂಡು ಬಂದಿರುವ ನೆನಪುಗಳನ್ನು ಬರೆದಿಡುವುದೂ ಸೇವೆಯೇ ಆಗಿದೆ.

4. ರಕ್ತದಾನ: 18 ವರ್ಷ ತುಂಬಿದ, ಕನಿಷ್ಠ 45 ಕಿಲೋಗ್ರಾಂ ತೂಕವಿರುವ ಆರೋಗ್ಯವಂತರು ವೈದ್ಯಕೀಯ ಪರೀಕ್ಷೆಯ ನಂತರ ರಕ್ತದಾನ ಮಾಡಬಹುದು. ಪುರುಷರು 90 ದಿನಗಳಿಗೊಮ್ಮೆ, ಮಹಿಳೆಯರು 120 ದಿನಗಳಿಗೊಮ್ಮೆ ದಾನ ಮಾಡಲು ಅವಕಾಶವಿದೆ.

5. ಮತದಾರರ ನೋಂದಣಿ: ಈ ಹಿಂದೆ ಜನವರಿ 1 ಮಾತ್ರ ಅರ್ಹತಾ ದಿನಾಂಕವಾಗಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳ ಮೊದಲ ದಿನಗಳನ್ನು ಅರ್ಹತಾ ದಿನಾಂಕಗಳಾಗಿ ಪರಿಗಣಿಸಲಾಗುತ್ತಿದೆ. 18 ತುಂಬಿದ ಸಹಪಾಠಿಗಳಿಗೆ ಇದನ್ನು ತಿಳಿಸಿ ನೆರವಾಗಬಹುದು.

ವ್ಯಕ್ತಿತ್ವ ವಿಕಸನದ ಬಗೆ

ಮೇಲಿನ ಪ್ರತಿಯೊಂದು ಕಾರ್ಯವೂ ವಿದ್ಯಾರ್ಥಿಯಿಂದ ಒಂದಲ್ಲ ಒಂದು ಗುಣವನ್ನು ಬೇಡುತ್ತದೆ. ಮಂಗನ ಕಾಯಿಲೆಯ ಬಗ್ಗೆ ಅಜ್ಜಿಯೊಬ್ಬರಿಗೆ ತಿಳಿಹೇಳಬೇಕಾದರೆ ಪಠ್ಯದ ಭಾಷೆಯನ್ನು ಬಿಟ್ಟು ಆಡುಮಾತಿಗೆ ಬರಬೇಕಾಗುತ್ತದೆ. ಹಾಗೆ ಹೇಳಲು ವಿಷಯವನ್ನು ತಾನು ಮೊದಲು ಸ್ಪಷ್ಟವಾಗಿ ಅರಿತಿರಬೇಕಾಗುತ್ತದೆ. ಐವತ್ತು ಮಂದಿಗೆ ಏಳು ದಿನಗಳ ಅಡುಗೆ, ನೀರು, ವಸತಿಯ ವ್ಯವಸ್ಥೆ ಮಾಡುವುದರಿಂದ ಯೋಜನೆ ಮತ್ತು ಲೆಕ್ಕಪತ್ರದ ಶಿಸ್ತು ಬರುತ್ತದೆ. ಎಲ್ಲ ಜಾತಿ, ಧರ್ಮಗಳ ಸಹಪಾಠಿಗಳೊಂದಿಗೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ಸರದಿಯಂತೆ ಪಾತ್ರೆ ತೊಳೆದಾಗ ಸಮಾನತೆಯು ಭಾಷಣದ ವಿಷಯವಾಗಿ ಉಳಿಯುವುದಿಲ್ಲ.

ಅನೇಕ ವಿದ್ಯಾರ್ಥಿನಿಯರಿಗೆ ಶಿಬಿರವು ಮನೆಯಿಂದ ಹೊರಗೆ ತಂಗುವ ಮೊದಲ ಅವಕಾಶವಾಗಿರಬಹುದು. ಪೋಷಕರ ವಿಶ್ವಾಸ ಪಡೆದು, ಸುರಕ್ಷಿತ ವಸತಿ ಮತ್ತು ಶೌಚಾಲಯಗಳ ವ್ಯವಸ್ಥೆಯನ್ನು ಖಚಿತಪಡಿಸಿಕೊಂಡು ಅವರು ಭಾಗವಹಿಸುವಂತೆ ಮಾಡುವುದು ಅತ್ಯಗತ್ಯ. ಅಡುಗೆ ವಿದ್ಯಾರ್ಥಿನಿಯರಿಗೆ, ಗುದ್ದಲಿ ವಿದ್ಯಾರ್ಥಿಗಳಿಗೆ ಎಂಬ ವಿಂಗಡಣೆ ಸಲ್ಲದು. ತನ್ನ ಬದುಕಿನ ದಾರಿಯನ್ನು ತಾನೇ ಆರಿಸಿಕೊಂಡು ಕಲ್ಯಾಣಕ್ಕೆ ನಡೆದ ಅಕ್ಕನ ಊರಿನ ಪರಿಸರದಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ.

ಕೆಲವೊಮ್ಮೆ ಕೆಲಸ ಅಂದುಕೊಂಡಂತೆ ಆಗುವುದಿಲ್ಲ. ಸಭೆಗೆ ಜನ ಬರುವುದಿಲ್ಲ, ಗ್ರಾಮಸ್ಥರು ಅನುಮಾನದಿಂದ ನೋಡುತ್ತಾರೆ. ಕಾರಣವನ್ನು ಊರಿನವರಲ್ಲಿ ಹುಡುಕುವ ಮುನ್ನ ತಮ್ಮ ವಿಧಾನದಲ್ಲಿ ಹುಡುಕುವ ಅಭ್ಯಾಸ ಬೆಳೆದರೆ ಅದು ಯಾವುದೇ ಉದ್ಯೋಗದಲ್ಲಿಯೂ ಕೈಹಿಡಿಯುತ್ತದೆ.

ಗಮನಿಸಬೇಕಾದ ಅಂಶಗಳು

* ನೆಟ್ಟ ಸಸಿಗೆ ಬೇಲಿ ಮತ್ತು ಬೇಸಿಗೆಯಲ್ಲಿ ನೀರೆರೆಯುವ ಹೊಣೆಗಾರರು ಇಲ್ಲದಿದ್ದಲ್ಲಿ ವನಮಹೋತ್ಸವವು ಛಾಯಾಚಿತ್ರಕ್ಕೆ ಸೀಮಿತವಾಗುತ್ತದೆ. ನೂರು ಸಸಿ ನೆಟ್ಟು ಮರೆಯುವುದಕ್ಕಿಂತ ಹತ್ತು ಸಸಿ ಉಳಿಸುವುದು ಮೇಲು.
* ಸಮಾರಂಭಗಳಲ್ಲಿ ಕುರ್ಚಿ ಹಾಕುವ ಕೆಲಸಕ್ಕೆ ಮಾತ್ರ ಸ್ವಯಂಸೇವಕರನ್ನು ಬಳಸಿಕೊಳ್ಳುವುದು ಯೋಜನೆಯ ಆಶಯಕ್ಕೆ ವಿರುದ್ಧವಾದುದು.
* ಮಾಡದ ಕೆಲಸಕ್ಕೆ ಗಂಟೆಗಳನ್ನು ದಾಖಲಿಸಬಾರದು. ಸುಳ್ಳು ದಿನಚರಿಯು ಸೇವೆಯ ಬದಲು ಅಪ್ರಾಮಾಣಿಕತೆಯ ತರಬೇತಿಯಾಗುತ್ತದೆ.
* ಶಿಬಿರ ಮುಗಿದ ಮೂರು ತಿಂಗಳ ನಂತರ ಗ್ರಾಮಕ್ಕೆ ಮರುಭೇಟಿ ನೀಡಿ, ಉಳಿದುದೇನು, ಅಳಿದುದೇನು ಎಂಬುದನ್ನು ಪರಿಶೀಲಿಸುವುದು ಸೂಕ್ತ.
* ವಿದ್ಯಾಭ್ಯಾಸ ಮತ್ತು ಆರೋಗ್ಯಕ್ಕೆ ಧಕ್ಕೆಯಾಗದಂತೆ ಸೇವೆಯನ್ನು ಯೋಜಿಸಬೇಕು. ಬೇಸಾಯದ ಕೆಲಸವಿರುವ ಮನೆಗಳ ವಿದ್ಯಾರ್ಥಿಗಳಿಗೆ ಸುಗ್ಗಿಯ ಕಾಲದಲ್ಲಿ ರಿಯಾಯಿತಿ ಇರುವುದು ನ್ಯಾಯಯುತ.

ಸೇರ್ಪಡೆ

ಆಸಕ್ತ ವಿದ್ಯಾರ್ಥಿಗಳು ಶೈಕ್ಷಣಿಕ ವರ್ಷದ ಆರಂಭದಲ್ಲಿ ತಮ್ಮ ಕಾಲೇಜಿನ ಕಾರ್ಯಕ್ರಮಾಧಿಕಾರಿಯನ್ನು ಸಂಪರ್ಕಿಸಿ ಹೆಸರು ನೋಂದಾಯಿಸಿಕೊಳ್ಳಬಹುದು. ಘಟಕವಿಲ್ಲದ ಕಾಲೇಜುಗಳ ವಿದ್ಯಾರ್ಥಿಗಳು ಹಾಗೂ ಇತರ ಯುವಜನರು, 2023ರ ಅಕ್ಟೋಬರ್ 31ರಂದು ಆರಂಭವಾದ ಮೇರಾ ಯುವ ಭಾರತ್ ವೇದಿಕೆಯ ಮೂಲಕವೂ ಸ್ವಯಂಸೇವೆಯ ಅವಕಾಶಗಳನ್ನು ತಿಳಿದುಕೊಳ್ಳಬಹುದಾಗಿದೆ.

ನೋಂದಾಯಿಸಿಕೊಳ್ಳುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿಗೆ ಈ ವರ್ಷ ಆಗಲೇಬೇಕಾದ ಒಂದು ಕೆಲಸ ಯಾವುದು ಎಂಬುದನ್ನು ಮನೆಯವರನ್ನು, ನೆರೆಹೊರೆಯವರನ್ನು ಕೇಳಿ ಬರೆದಿಟ್ಟುಕೊಂಡು ಹೋಗುವುದು ಒಳಿತು. ಘಟಕದ ಮೊದಲ ಸಭೆಯಲ್ಲಿ ಆ ಚೀಟಿಗಳನ್ನು ಒಟ್ಟಿಗೆ ಓದಿದಲ್ಲಿ ವರ್ಷದ ಕ್ರಿಯಾಯೋಜನೆ ಸಿದ್ಧಪಡಿಸಲು ಅನುಕೂಲವಾಗುತ್ತದೆ.